ಗಾಡಿಮನೆಯ ಕರೆಂಟು ಲೆಕ್ಕ

ಕರೆಂಟು ಹೋಗುವುದರಲ್ಲಿ ಎರಡು ಬಗೆ. ಹೇಳಿ ಹೋಗುವುದು ಒಂದು, ಹೇಳದೆ ಹೋಗುವುದು ಇನ್ನೊಂದು. ಹೇಳಿ ಹೋಗುವುದಕ್ಕೆ ಲೋಡ್ ಶೆಡ್ಡಿಂಗ್ ಎಂದು ಹೆಸರು. ಬೇಡಿಕೆಗೆ ಬೇಕಾದಷ್ಟು ವಿದ್ಯುತ್ ತಯಾರಾಗದಿದ್ದಾಗ ಸರದಿಯ ಪ್ರಕಾರ ಒಂದೊಂದು ಊರಿಗೆ ಕತ್ತಲೆ ಹಂಚುವ ವ್ಯವಸ್ಥೆ ಅದು. ಹೇಳದೆ ಹೋಗುವುದಕ್ಕೆ ನಮ್ಮ ಕಡೆ ಹೆಚ್ಚಾಗಿ ಒಂದು ಮರ ಕಾರಣವಾಗಿರುತ್ತದೆ. ಆಷಾಢದ ಗಾಳಿಗೆ ಎಲ್ಲೋ ಕಾಡಿನ ನಡುವೆ ಮರವೊಂದು ತಂತಿಯ ಮೇಲೆ ಒರಗಿದರೆ ನಾಲ್ಕು ಹಳ್ಳಿಗಳ ದೀಪ ಆರುತ್ತದೆ. ಲೈನ್‌ಮನ್ ಕತ್ತಿ, ಹಗ್ಗ ಹಿಡಿದು, ಉಂಬಳ ಕಚ್ಚಿಸಿಕೊಂಡು ಆ ಮರವನ್ನು ಹುಡುಕುವವರೆಗೆ ಯಾರೂ ಏನೂ ಮಾಡುವಂತಿಲ್ಲ.

ಮಲೆನಾಡಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಹೇಳಿದ ನನಗೆ ಈ ಎರಡರದ್ದೂ ಒಳ್ಳೆಯ ಪರಿಚಯ. ಓಮ್‌ನ ನಿಯಮವನ್ನು ಕಲಿಸುತ್ತಿದ್ದ ಕೊಠಡಿಯಲ್ಲೇ ಬಲ್ಬು ಉರಿಯದ ದಿನಗಳು ಎಷ್ಟೋ. ನಿವೃತ್ತನಾದ ಮೇಲೆ ಆ ಪಾಠ ಮುಗಿಯಿತೆಂದುಕೊಂಡಿದ್ದೆ. ಅದನ್ನು ಮತ್ತೊಮ್ಮೆ, ಅದೂ ಇಂಗ್ಲೆಂಡಿನಲ್ಲಿ, ಗಾಲಿಗಳ ಮೇಲೆ ನಿಂತ ಒಂದು ಮನೆಯೊಳಗೆ ಕುಳಿತು ಓದಬೇಕಾಗಿ ಬಂತು.

ನನ್ನ ಮಗಳು, ಅಳಿಯ ಆ ದೇಶದ ಉತ್ತರ ತುದಿಯ ನಾರ್ಥಂಬರ್ಲೆಂಡ್ ಎಂಬ ಜಿಲ್ಲೆಯಲ್ಲಿದ್ದಾರೆ. ಮಗಳು ಆಸ್ಪತ್ರೆಯೊಂದರಲ್ಲಿ ನರ್ಸ್, ಅಳಿಯ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು. ಇಬ್ಬರೂ ಸೇರಿ ಹಳ್ಳಿಯೊಂದರಲ್ಲಿ ಕಲ್ಲಿನ ಹಳೆಯ ಮನೆಯೊಂದನ್ನು ಕೊಂಡು ರಿಪೇರಿಗೆ ಕೈ ಹಾಕಿದರು. ಸೆಪ್ಟೆಂಬರಿಗೆ ಕೆಲಸ ಮುಗಿಯುತ್ತದೆಂದು ನಂಬಿ, 2021ರ ಅಕ್ಟೋಬರಿನಲ್ಲಿ ಗೃಹಪ್ರವೇಶಕ್ಕೆಂದು ನಾವಿಬ್ಬರೂ ಹೊರಟೆವು. ಮನೆ ಕಟ್ಟಿಸಿದವರಿಗೆ ಮುಂದಿನ ಕಥೆ ಹೇಳಬೇಕಾಗಿಲ್ಲ. ನಾವು ಹೋದಾಗ ಮನೆಗೆ ಮಾಡು ಬಂದಿತ್ತು, ನೆಲ ಬಂದಿರಲಿಲ್ಲ. ಹಳೆಯ ವೈರಿಂಗನ್ನೆಲ್ಲ ಕಿತ್ತಿದ್ದರು, ಹೊಸದನ್ನು ಎಳೆದಿರಲಿಲ್ಲ. ಹೀಗಾಗಿ ಗೃಹಪ್ರವೇಶಕ್ಕೆ ಹೋದ ನಾವು ಅಂಗಳದಲ್ಲಿ ನಿಂತಿದ್ದ ಕ್ಯಾರವಾನಿಗೆ ಪ್ರವೇಶ ಮಾಡಿದೆವು.

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಹೊರಗಿನಿಂದ ನೋಡಿದರೆ ದೊಡ್ಡ ಬ್ರೆಡ್ಡಿನ ಹಾಗೆ. ಒಳಗೆ ಆರು ಜನ ಮಲಗಬಹುದೆಂದು ಕಾಗದದಲ್ಲಿ ಬರೆದಿತ್ತು. ನಾವು ಐದು ಮಂದಿ. ಹಗಲು ಕೂರುವ ಬೆಂಚೇ ರಾತ್ರಿ ಮಂಚ, ಊಟದ ಮೇಜೇ ಮೊಮ್ಮಗಳ ಓದಿನ ಮೇಜು. ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಕೂರಬೇಕು. ನನ್ನ ಹೆಂಡತಿ ಎರಡನೇ ದಿನವೇ ಹೇಳಿದಳು: "ನಮ್ಮೂರ ಜಾತ್ರೆಗೆ ಬರುವ ನಾಟಕ ಕಂಪನಿಯವರ ಬಿಡಾರವೇ ವಾಸಿ. ಅಲ್ಲಿ ಕಾಲು ಚಾಚುವುದಕ್ಕಾದರೂ ಗದ್ದೆ ಇರುತ್ತಿತ್ತು."

ಈ ಗಾಡಿಮನೆಗೆ ಕರೆಂಟು ಬರುತ್ತಿದ್ದುದು ಕಲ್ಲುಮನೆಯ ಗೋಡೆಗೆ ತಾತ್ಕಾಲಿಕವಾಗಿ ಹೊಡೆದಿದ್ದ ಒಂದು ಬೋರ್ಡಿನಿಂದ. ಅಲ್ಲಿಂದ ಮೂವತ್ತು ಮೀಟರ್ ಉದ್ದದ ಕೇಬಲ್. ಗಾಡಿಯ ಪಾಲಿಗೆ ಸಿಕ್ಕಿದ್ದು ಹತ್ತು ಆಂಪಿಯರ್. ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ತೆಗೆದುಕೊಳ್ಳಬಹುದು. ವೋಲ್ಟ್ ಗುಣಿಸು ಆಂಪಿಯರ್ ಅಂದರೆ ವಾಟ್. 230 ವೋಲ್ಟನ್ನು 10 ಆಂಪಿಯರಿನಿಂದ ಗುಣಿಸಿದರೆ 2300 ವಾಟ್. ಒಂದು ಸಲಕ್ಕೆ ನಾವು ಬಳಸಬಹುದಾದದ್ದು ಅಷ್ಟೇ. ಆ ದೇಶದ ಮನೆಗಳಲ್ಲಿ ನೀರು ಕಾಯಿಸುವ ಕೆಟಲ್ಲೊಂದೇ 3000 ವಾಟ್ ನುಂಗುತ್ತದೆ. ರೂಮು ಬಿಸಿ ಮಾಡುವ ಹೀಟರ್ 2000 ವಾಟ್. ನಾವು ಊರಿನಿಂದ ಹೊತ್ತುಕೊಂಡು ಹೋಗಿದ್ದ ಮಿಕ್ಸಿ 750 ವಾಟ್.

ಎಂ.ಸಿ.ಬಿ. ಎಂಬ ಸ್ವಿಚ್ಚಿನ ಸ್ವಭಾವವೂ ತಮಾಷೆಯದು. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ಹೆಚ್ಚು ವಿದ್ಯುತ್ ಹರಿದಾಗ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ಕಡಿಯುತ್ತದೆ. ಮಿತಿಯನ್ನು ಸ್ವಲ್ಪ ಮೀರಿದರೆ ಬಹಳ ಹೊತ್ತು ತಾಳಿಕೊಳ್ಳುತ್ತದೆ, ತುಂಬಾ ಮೀರಿದರೆ ಬೇಗನೆ ಸಿಟ್ಟಾಗುತ್ತದೆ. ಹೀಟರಿನ ಜೊತೆ ಮಿಕ್ಸಿ ಹಾಕಿದರೆ ಚಟ್ನಿ ಮುಗಿಯುವವರೆಗೆ ಸುಮ್ಮನಿರುತ್ತಿತ್ತು. ಹೀಟರಿನ ಜೊತೆ ಕೆಟಲ್ ಹಾಕಿದರೆ ನೀರು ಸದ್ದು ಮಾಡುವ ಮೊದಲೇ ಠಕ್! ಸ್ವಿಚ್ಚು ಇದ್ದದ್ದು ಅಂಗಳದಾಚೆಯ ಕಲ್ಲುಮನೆಯಲ್ಲಿ. ಅಳಿಯ ಮಳೆಯಲ್ಲಿ ಟಾರ್ಚು ಹಿಡಿದು ಹೋಗಿ ಅದನ್ನು ಎತ್ತಿ ಬರಬೇಕು. ಒಂದು ವಾರ ಹೀಗೆ ನೆನೆದ ಮೇಲೆ ಅವರು 900 ವಾಟಿನ ಪುಟ್ಟ ಕೆಟಲ್ ತಂದರು. ಕಾಫಿಗೆ ಹತ್ತು ನಿಮಿಷ ಹೆಚ್ಚು ಕಾಯಬೇಕು, ಅಷ್ಟೇ. ನಿವೃತ್ತ ಮೇಷ್ಟ್ರಿಗೆ ಹತ್ತು ನಿಮಿಷ ಯಾವ ಲೆಕ್ಕ?

ಇನ್ನೊಂದು ವಿಷಯ ಎಲ್ಲರಿಗೂ ಉಪಯೋಗವಾದೀತು. ಕೇಬಲ್ ಉದ್ದ ಹೆಚ್ಚಿದೆಯೆಂದು ಉಳಿದ ಭಾಗವನ್ನು ಸುರುಳಿ ಸುತ್ತಿಯೇ ಇಡುವವರಿದ್ದಾರೆ. ಮದುವೆ ಚಪ್ಪರಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಇದನ್ನು ನೋಡಿದ್ದೇನೆ. ವಿದ್ಯುತ್ ಹರಿಯುವಾಗ ತಂತಿ ಬಿಸಿಯಾಗುತ್ತದೆ. ಬಿಡಿಸಿ ಹಾಸಿದ ತಂತಿಯ ಬಿಸಿ ಗಾಳಿಗೆ ಹೋಗುತ್ತದೆ. ಸುತ್ತಿದ ತಂತಿಯ ಬಿಸಿ ಸುರುಳಿಯೊಳಗೇ ಸೇರಿ ಮೇಲಿನ ಪ್ಲಾಸ್ಟಿಕ್ಕನ್ನು ಕರಗಿಸಬಹುದು. ನಮ್ಮ ಅಂಗಳದಲ್ಲಿ ಕೇಬಲ್ಲನ್ನು ಪೂರ್ತಿ ಬಿಡಿಸಿ ಹಾವಿನಂತೆ ಹಾಸಿತ್ತು.

ಇಷ್ಟಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಬಿರುಗಾಳಿ ಬಂತು. ಅಲ್ಲಿ ಬಿರುಗಾಳಿಗೂ ನಾಮಕರಣ ಮಾಡುತ್ತಾರೆ. ಇದರ ಹೆಸರು ಆರ್ವೆನ್. 2021ರ ನವೆಂಬರ್ 26, ಶುಕ್ರವಾರ. ಹವಾಮಾನ ಇಲಾಖೆ ಪೂರ್ವ ಕರಾವಳಿಗೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಪಕ್ಕದ ಹೊಲದ ರೈತರು ಮಧ್ಯಾಹ್ನವೇ ಟ್ರ್ಯಾಕ್ಟರ್ ತಂದು ನಮ್ಮ ಗಾಡಿಯನ್ನು ಎಳೆದು ಕಲ್ಲಿನ ಕೊಟ್ಟಿಗೆಯ ದಕ್ಷಿಣಕ್ಕೆ, ಗೋಡೆಗೆ ಒತ್ತಿಕೊಂಡಂತೆ ನಿಲ್ಲಿಸಿದರು. ಈ ಸಲದ ಗಾಳಿ ಉತ್ತರದಿಂದ ಬರುತ್ತದೆ ಎಂದರು. ಬಿರುಗಾಳಿಯಲ್ಲಿ ಕ್ಯಾರವಾನಿನೊಳಗೆ ಇರಬಾರದು, ಮಗುಚಿಕೊಳ್ಳುತ್ತದೆ. ಅಂದು ರಾತ್ರಿ ನೆಲವಿಲ್ಲದ ಕಲ್ಲುಮನೆಯ ಅಡಿಗೆಕೋಣೆಯಲ್ಲಿ, ಸಿಮೆಂಟು ಚೀಲಗಳ ಪಕ್ಕ, ಇದ್ದ ಕಂಬಳಿಗಳನ್ನೆಲ್ಲ ಹೊದ್ದು ಕೂತೆವು. ನಮ್ಮದೇ ಜಿಲ್ಲೆಯ ಬ್ರಿಜ್ಲಿ ವುಡ್ ಎಂಬಲ್ಲಿ ಗಾಳಿಯ ವೇಗ ಗಂಟೆಗೆ 98 ಮೈಲಿ, ಅಂದರೆ ಸುಮಾರು 158 ಕಿಲೋಮೀಟರ್ ದಾಖಲಾಯಿತು. ಪಡುವಣ ಗಾಳಿಗೆ ಒಗ್ಗಿ ಬೇರುಬಿಟ್ಟ ಮರಗಳು ಉತ್ತರದ ಗಾಳಿಗೆ ತಡೆಯಲಾರದೆ ಸಾಲುಸಾಲಾಗಿ ಬಿದ್ದವು. ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟು ಹೋಯಿತು. ಬಹುಪಾಲು ಮನೆಗಳಿಗೆ ಒಂದು ದಿನದೊಳಗೆ ಬಂತು. ಹಳ್ಳಿಗಾಡಿನ ಕೆಲವು ಸಾವಿರ ಮನೆಗಳು ಒಂದು ವಾರಕ್ಕಿಂತ ಹೆಚ್ಚು ಕಾಲ ಕತ್ತಲೆಯಲ್ಲಿದ್ದವು. ನಮ್ಮದು ಆರು ದಿನ.

ಬೆಳಗಾದಾಗ ಗಾಡಿಮನೆ ನಿಂತಲ್ಲೇ ನಿಂತಿತ್ತು. ಮೂವತ್ತು ಮೀಟರ್ ಕೇಬಲ್ಲೂ ಇತ್ತು. ಅದರಲ್ಲಿ ಹರಿಯುವುದಕ್ಕೆ ಮಾತ್ರ ಏನೂ ಇರಲಿಲ್ಲ.

ಮೊದಲ ಚಿಂತೆ ನನ್ನ ಹೆಂಡತಿಯ ಇನ್ಸುಲಿನ್. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಊರಿನಲ್ಲಿ ಬೇಸಿಗೆಯಲ್ಲಿ ಕರೆಂಟು ಹೋದರೆ ಅವಳು ಅದನ್ನು ಡಬ್ಬಿಗೆ ಹಾಕಿ, ನೀರು ತುಂಬಿದ ಮಣ್ಣಿನ ಮಡಕೆಯ ಪಕ್ಕ ಇಡುತ್ತಿದ್ದಳು. ಇಲ್ಲಿ ಸಮಸ್ಯೆ ತಿರುಗುಮುರುಗು. ಹೊರಗೆ ಇಟ್ಟರೆ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಿರುಗಾಳಿಯ ರಾತ್ರಿ ಅದು ಖಾಲಿ ಥರ್ಮಾಸ್ ಫ್ಲಾಸ್ಕಿನೊಳಗೆ ಅವಳ ಶಾಲಿನ ಮರೆಯಲ್ಲಿತ್ತು. ಬೆಳಿಗ್ಗೆ ಗಾಡಿಯ ಫ್ರಿಜ್ಜಿಗೆ ವಾಪಸಾಯಿತು. ಏಕೆಂದರೆ ಆ ಫ್ರಿಜ್ಜು ಗ್ಯಾಸಿನಿಂದಲೂ ನಡೆಯುತ್ತದೆ!

ಉರಿಯಿಂದ ತಂಪು ಹೇಗೆ ಎಂದು ಮೊಮ್ಮಗಳು ಕೇಳಿದಳು. ಸಣ್ಣ ಜ್ವಾಲೆ ನೀರಿನಲ್ಲಿ ಕರಗಿದ ಅಮೋನಿಯಾವನ್ನು ಕಾಯಿಸಿ ಬೇರ್ಪಡಿಸುತ್ತದೆ. ಅದು ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಫ್ರಿಜ್ಜಿನ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಬಳಿಕ ನೀರಿನಲ್ಲಿ ಕರಗಿ ಮತ್ತೆ ಮೊದಲ ಸ್ಥಾನಕ್ಕೆ. ತಂಪು ಮಾಡುವ ಆ ಭಾಗದಲ್ಲಿ ಮೋಟಾರೂ ಇಲ್ಲ, ತಿರುಗುವ ಚಕ್ರವೂ ಇಲ್ಲ. ಇದನ್ನು 1922ರಲ್ಲಿ ಕಂಡುಹಿಡಿದವರು ಸ್ವೀಡನ್ನಿನ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್. ಆಗ ಇಬ್ಬರೂ ಸ್ಟಾಕ್‌ಹೋಮಿನಲ್ಲಿ ಇನ್ನೂ ವಿದ್ಯಾರ್ಥಿಗಳು. ಈ ಮಾತು ಕೇಳಿ ಅವಳ ಕಣ್ಣು ಅರಳಿತು.

ಗ್ಯಾಸಿನಲ್ಲೂ ಒಂದು ಪಾಠವಿತ್ತು. ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿ ಬ್ಯೂಟೇನ್, ಪ್ರೊಪೇನ್ ಎರಡೂ ಬೆರೆತಿರುತ್ತವೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿಗೆ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹೊತ್ತದು. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯಬಲ್ಲದು. ಅದಕ್ಕೇ ಚಳಿಗಾಲದ ಗಾಡಿಮನೆಗೆ ಪ್ರೊಪೇನೇ ಆಗಬೇಕು. ಗಾಡಿಯ ನೆಲದಲ್ಲಿ ಗಾಳಿಯಾಡಲು ಬಿಟ್ಟ ಕಿಂಡಿಗಳಿಂದ ಚಳಿ ಬರುತ್ತದೆಂದು ನನ್ನ ಹೆಂಡತಿ ಹಳೆ ಸೀರೆ ತುರುಕಲು ಹೊರಟಳು. ಮಗಳು ಓಡಿಬಂದು ತಡೆದಳು. "ಅಮ್ಮಾ, ಚಳಿ ತಡ್ಕೋಬಹುದು. ಗಾಳಿಯಿಲ್ಲದೆ ಗ್ಯಾಸ್ ಉರಿದರೆ ಬರುವ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ." ಕಾರ್ಬನ್ ಮಾನಾಕ್ಸೈಡ್ ಎಂಬ ಆ ವಿಷಕ್ಕಾಗಿಯೇ ಒಂದು ಅಲಾರಾಂ ಗೋಡೆಯ ಮೇಲಿತ್ತು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವವರು ನಮ್ಮಲ್ಲೂ ಇದ್ದಾರೆ. ಈ ಮಾತು ಅವರಿಗೂ ಸಲ್ಲುತ್ತದೆ.

ಇನ್ನು ಬೆಳಕಿನ ಪ್ರಶ್ನೆ. ಗಾಡಿಯಲ್ಲಿ 12 ವೋಲ್ಟಿನ, 110 ಆಂಪಿಯರ್-ಅವರಿನ ಒಂದು ಬ್ಯಾಟರಿ ಇತ್ತು. ಗುಣಿಸಿದರೆ 1320 ವಾಟ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ ಕೈಗೆ ಸಿಗುವುದು 660. ಅಂದರೆ ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರೆಯುವ ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ಮಾಡಿನ ಮೇಲೆ ಸೋಲಾರ್ ಹಲಗೆ ಇದ್ದರೂ, ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುವ ಆ ನಾಡಿನ ಚಳಿಗಾಲದಲ್ಲಿ ಅದು ಕೊಡುತ್ತಿದ್ದುದು ತೀರ್ಥದಷ್ಟು. ಮೊಬೈಲ್ ಟವರುಗಳೂ ಬ್ಯಾಟರಿ ಮುಗಿದು ಮೌನವಾಗಿದ್ದವು. ಕರೆಂಟು ಎಂದು ಬರುತ್ತದೆ ಎಂದು ಕೇಳುವುದಕ್ಕೂ ದಾರಿಯಿರಲಿಲ್ಲ.

ಶನಿವಾರ ಸಂಜೆ ಊಟದ ಮೇಜಿನ ಸುತ್ತ ಸಭೆ ಸೇರಿತು. ಮೊಮ್ಮಗಳಿಗೆ ಅಲ್ಲಿನ ಹನ್ನೊಂದನೇ ತರಗತಿ, ನಮ್ಮ ಎಸ್.ಎಸ್.ಎಲ್.ಸಿ. ಇದ್ದ ಹಾಗೆ. ಡಿಸೆಂಬರಿನಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಅವಳ ಟಿಪ್ಪಣಿಗಳೆಲ್ಲ ಲ್ಯಾಪ್‌ಟಾಪಿನೊಳಗೆ. ಅಳಿಯನಿಗೆ ಕಚೇರಿಯ ಕೆಲಸ. ಮಗಳ ಫೋನಿಗೆ ಆಸ್ಪತ್ರೆಯಿಂದ ಕರೆ ಬರಬಹುದು. ಗ್ಯಾಸ್ ಹೀಟರಿನ ಬಿಸಿಯನ್ನು ಗಾಡಿಯ ತುಂಬ ಹರಡುವ ಪುಟ್ಟ ಫ್ಯಾನಿಗೆ ಬ್ಯಾಟರಿಯೇ ಗತಿ.

ಮಗಳು ಮೊದಲು ಬಾಯಿ ಬಿಟ್ಟಳು. "ನಮ್ಮದೇನು, ಹೇಗೋ ಆಗುತ್ತೆ. ಎಲ್ಲಾ ಅವಳ ಓದಿಗೇ ಇರಲಿ."

"ನಂಗೆ ಫ್ಯಾನೂ ಬೇಡ. ಎರಡು ಕಂಬಳಿ ಇದ್ರೆ ಸಾಕು" ಎಂದಳು ನನ್ನ ಹೆಂಡತಿ.

ನಮ್ಮ ಮನೆಗಳಲ್ಲಿ ನಡೆಯುವುದು ಹೀಗೇ ತಾನೆ? ಮಗುವಿಗೆ ಪರೀಕ್ಷೆ ಎಂದರೆ ಅಜ್ಜಿಯ ಟಿ.ವಿ. ಬಂದ್, ಅಪ್ಪನ ರಜೆ ಬಂದ್, ನೆಂಟರಿಗೆ ಬಾಗಿಲು ಬಂದ್. ಯಾರು ಏನು ಬಿಟ್ಟುಕೊಟ್ಟರು ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ, ಇಲ್ಲವೇ ಫಲಿತಾಂಶದ ದಿನ ಬಡ್ಡಿ ಸಮೇತ ತಿಳಿಸಲಾಗುತ್ತದೆ.

ಮೊಮ್ಮಗಳು ಒಂದು ಹಾಳೆ ತೆಗೆದುಕೊಂಡಳು. "ಅಜ್ಜ, ಒಂದೊಂದೂ ಎಷ್ಟು ವಾಟ್ ಹೇಳು" ಎಂದಳು. ಹೇಳುತ್ತಾ ಹೋದೆ. ಫ್ಯಾನ್ 20 ವಾಟ್, ಎಲ್.ಇ.ಡಿ. ದೀಪ 5, ಲ್ಯಾಪ್‌ಟಾಪ್ 50. ಫೋನೊಂದನ್ನು ತುಂಬಿಸಲು ಹತ್ತು ಹದಿನೈದು ವಾಟ್-ಅವರ್. ಕರೆಂಟು ಮೂರು ದಿನ ಬಾರದೆಂದು ಇಟ್ಟುಕೊಂಡು ಅವಳು 660ನ್ನು ಮೂರರಿಂದ ಭಾಗಿಸಿದಳು. ದಿನಕ್ಕೆ 220. ಫ್ಯಾನಿಗೆ ಐದು ಗಂಟೆ, 100. ಒಂದೇ ದೀಪಕ್ಕೆ ಆರು ಗಂಟೆ, 30. ಎರಡು ಫೋನಿಗೆ 30. ನೀರಿನ ಪಂಪಿಗೆ 10. ಉಳಿದದ್ದು 50, ಅಂದರೆ ಲ್ಯಾಪ್‌ಟಾಪ್ ಸುಮಾರು ಒಂದು ಗಂಟೆ.

"ಒಂದು ಗಂಟೆಯಲ್ಲಿ ಏನು ಓದುತ್ತೀಯೇ?" ಎಂದು ಮಗಳು ಬೇಸರಪಟ್ಟಳು. "ಫ್ಯಾನ್ ತೆಗೆದರೆ ಇನ್ನೂ ಎರಡು ಗಂಟೆ ಸಿಗುತ್ತಲ್ಲ?"

"ಅಮ್ಮಾ, ಅಜ್ಜಿ ಅಲ್ಲಿ ನಡುಗ್ತಾ ಕೂತಿದ್ರೆ ನಂಗೆ ಇಲ್ಲಿ ಓದಕ್ಕಾಗುತ್ತಾ?" ಎಂದು ಹುಡುಗಿ ಹಾಳೆಯನ್ನು ಗೋಡೆಗೆ ಅಂಟಿಸಿಬಿಟ್ಟಳು. ಅದರ ಮೇಲೆ ಯಾರೂ ಮಾತಾಡಲಿಲ್ಲ.

ಆ ಒಂದು ಗಂಟೆಯಲ್ಲಿ ಅವಳು ಓದಲಿಲ್ಲ, ಬರೆದುಕೊಂಡಳು. ಸೂತ್ರಗಳು, ಹಳೆಯ ಪ್ರಶ್ನೆಗಳು, ಇಸವಿಗಳು ಕಾಗದಕ್ಕೆ ಇಳಿದವು. ಉಳಿದ ಹೊತ್ತು ಒಂದೇ ದೀಪದ ಸುತ್ತ ಎಲ್ಲರೂ. ಕಾಗದ ನೋಡಿ ಅವಳು ಲೆಕ್ಕ ಮಾಡುವುದು, ನಾನು ತಿದ್ದುವುದು. ಅವಳ ಶಾಲೆಗೂ ಕರೆಂಟಿಲ್ಲದೆ ರಜೆ ಕೊಟ್ಟಿದ್ದರು.

ಮೂರನೆಯ ದಿನ ಟ್ರ್ಯಾಕ್ಟರಿನ ಆ ರೈತರು ಮತ್ತೆ ಬಂದರು. ಹಾಲು ಕರೆಯುವ ಯಂತ್ರಕ್ಕೆಂದು ಅವರು ಟ್ರ್ಯಾಕ್ಟರಿನಿಂದ ನಡೆಯುವ ಜನರೇಟರ್ ಇಟ್ಟುಕೊಂಡಿದ್ದರು. ಹಾಲು ಕರೆದಾದ ಮೇಲೆ ದಿನಾ ಎರಡು ಗಂಟೆ ನಮ್ಮ ಬ್ಯಾಟರಿಗೆ ಚಾರ್ಜ್ ಕೊಟ್ಟರು. ಬ್ಯಾಟರಿಯ ಮೂರನೇ ಒಂದು ಭಾಗದಷ್ಟು ತುಂಬುತ್ತಿತ್ತು. ಗೋಡೆಯ ಹಾಳೆಯಲ್ಲಿ ಲ್ಯಾಪ್‌ಟಾಪಿಗೆ ಇನ್ನೊಂದು ಗಂಟೆ, ಅಳಿಯನ ಕೆಲಸಕ್ಕೆ ಎರಡು ಗಂಟೆ ಸೇರಿದವು. ಗುರುವಾರ ಸಂಜೆ ಲೈನ್ ಸರಿಯಾಯಿತು. ಕಂಬ ಹತ್ತಿ ಕೆಲಸ ಮಾಡುತ್ತಿದ್ದವರನ್ನು ದೂರದಿಂದ ಕಂಡಾಗ ಹೊಸನಗರದ ಕಾಡಿನಲ್ಲಿ ನಾನು ನೋಡಿದ್ದ ಲೈನ್‌ಮನ್‌ಗಳ ನೆನಪಾಯಿತು. ಅಂಗಿಯ ಬಣ್ಣ ಬೇರೆ, ಕೆಲಸ ಅದೇ.

ಹಾಳೆ ನೋಡುತ್ತಾ ನನಗೆ ಇನ್ನೊಂದು ವಿಷಯ ಹೊಳೆಯಿತು. ಕತ್ತಲೆ ಹಂಚುವಾಗ ಕತ್ತಲೆಯಲ್ಲಿ ಕೂರಬೇಕಾದವರೂ ಆ ಮೇಜಿನ ಸುತ್ತ ಇದ್ದರು. ನಾಡಿನ ಮಟ್ಟದಲ್ಲಿ ಹಾಗಾಗುವುದು ಅಪರೂಪ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆ ನೀರಿನಿಂದ ಹುಟ್ಟಿದ ಬೆಳಕು ಬೆಂಗಳೂರಿನವರೆಗೂ ಹೋಯಿತು. ಆ ನೀರಿಗಾಗಿ ಗದ್ದೆ ಮನೆ ಬಿಟ್ಟುಬಂದ ಎಷ್ಟೋ ಮುಳುಗಡೆ ಕುಟುಂಬಗಳ ಮನೆಗೆ ಮಾತ್ರ ವರ್ಷಗಟ್ಟಲೆ ತಂತಿ ಬರಲಿಲ್ಲ. ಆ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿದ್ದರು. ಅವರ ನೋಟ್ ಪುಸ್ತಕಕ್ಕೆ ಸೀಮೆಎಣ್ಣೆಯ ವಾಸನೆ, ಬೆಳಿಗ್ಗೆ ಮೂಗಿನ ಹೊಳ್ಳೆಯಲ್ಲಿ ಬುಡ್ಡಿದೀಪದ ಮಸಿ. ವಿದ್ಯುತ್ ಕೊಟ್ಟವರಿಗೆ ವಿದ್ಯುತ್ ಇಲ್ಲವೇಕೆ ಎಂದು ಅವರಲ್ಲೊಬ್ಬ ಕೇಳಿದ್ದ. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆಯನ್ನು ಮಕ್ಕಳಿಗೆ ಹೇಳುವುದೆಂದರೆ ತಂದೆ ತಾಯಿಗಳಿಗೆ ಬಹಳ ಇಷ್ಟ. ಬೀದಿದೀಪವೂ ಇಲ್ಲದೆ ಓದು ಬಿಟ್ಟವರ ಕಥೆಯನ್ನು ಯಾರೂ ಹೇಳುವುದಿಲ್ಲ. ಅಂಥವರು ನನ್ನ ಹಾಜರಿ ಪುಸ್ತಕದಲ್ಲಿ ಹೆಚ್ಚಿದ್ದರು. ಕತ್ತಲೆಯಿಂದ ಬುದ್ಧಿ ಬೆಳೆಯುತ್ತದೆಂಬ ನಂಬಿಕೆ ನನಗಿಲ್ಲ. ಓದುವ ಮಗುವಿಗೆ ಒಳ್ಳೆಯ ಬೆಳಕು ಬೇಕು, ಅದನ್ನು ಕೇಳುವುದು ನ್ಯಾಯ. ಆದರೆ ಇರುವುದು ಕಡಿಮೆಯಾದಾಗ ಅದನ್ನು ಹಂಚುವ ಲೆಕ್ಕದಿಂದ ಮಗುವನ್ನು ಹೊರಗಿಡಬೇಕಾಗಿಲ್ಲ. ಮನೆಯಲ್ಲಿ ಹಣಕ್ಕಾಗಲಿ, ನೀರಿಗಾಗಲಿ, ಕರೆಂಟಿಗಾಗಲಿ ಮುಗ್ಗಟ್ಟಿದ್ದರೆ ಹಾಳೆ ಪೆನ್ಸಿಲನ್ನು ಒಮ್ಮೆ ಮಕ್ಕಳ ಕೈಗೆ ಕೊಟ್ಟು ನೋಡಿ. ತಮ್ಮ ಪಾಲಿಗೇ ಎಲ್ಲವನ್ನೂ ಬರೆದುಕೊಳ್ಳುತ್ತಾರೆಂಬ ಭಯ ನಮಗೆ. ಲೆಕ್ಕ ಕಣ್ಣೆದುರಿಗಿದ್ದಾಗ ಹಾಗೆ ಬರೆದುಕೊಳ್ಳುವ ಮಕ್ಕಳು ಕಡಿಮೆ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಮೇಷ್ಟ್ರ ಹಳೆಯ ಚಟದಂತೆ ಒಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ಮನೆಯ ಪ್ರತಿ ಉಪಕರಣದ ಹಿಂದೆ ಅಂಟಿಸಿರುವ ಚೀಟಿಯಲ್ಲಿ ವಾಟ್ ಎಷ್ಟೆಂದು ಬರೆದಿರುತ್ತದೆ. ಅದನ್ನು ಒಂದು ಹಾಳೆಗೆ ಇಳಿಸಿ. ಯು.ಪಿ.ಎಸ್. ಇದ್ದರೆ ಅದರ ಬ್ಯಾಟರಿಯ ಮೇಲಿನ ಎರಡು ಅಂಕಿಗಳನ್ನು ಗುಣಿಸಿ ಅರ್ಧ ಮಾಡಿ. ಮೂರು ದಿನ ಕರೆಂಟಿಲ್ಲವೆಂದು ಇಟ್ಟುಕೊಂಡು, ಮನೆಯವರೆಲ್ಲರಿಗೂ ಹಂಚಿ. ಅಜ್ಜ ಅಜ್ಜಿಯರಿದ್ದರೆ ಅವರ ಪಾಲನ್ನು ಮೊದಲು ಬರೆಯಿರಿ. ಹಂಚಿ ಮುಗಿದ ಮೇಲೆ ಹಾಳೆಯನ್ನು ಮನೆಯವರಿಗೆಲ್ಲ ಓದಿಹೇಳಿ, ಅವರೇನು ಹೇಳುತ್ತಾರೋ ಕೇಳಿ.